ಷಡ್ಡಕನ ಹಲ್ಲು

ನಮ್ಮ ಟ್ರಾಕ್ಟರೂ ಅಕ್ಕನ ಮನೆಯ ಟ್ರಾಕ್ಟರೂ ಒಂದೇ ಕಾರ್ಖಾನೆಯಲ್ಲಿ, ಒಂದೇ ವರ್ಷ ಹುಟ್ಟಿದವು. ಒಂದೇ ಹೊಟ್ಟೆಯಲ್ಲಿ ನಾನೂ ಅಕ್ಕನೂ ಹುಟ್ಟಿದ ಹಾಗೆ. ಆದರೆ ಅವರದ್ದನ್ನು ಜನ ವಿಂಟೇಜ್ ಎನ್ನುತ್ತಾರೆ, ನಮ್ಮದನ್ನು ಗುಜರಿ ಎನ್ನುತ್ತಾರೆ.

ವ್ಯತ್ಯಾಸ ಇಷ್ಟೇ. ನಮ್ಮದು ಕೆಲಸ ಮಾಡುತ್ತದೆ. ಉಳುತ್ತದೆ, ಗೊಬ್ಬರ ಹೊರುತ್ತದೆ, ಬಸ್ಸು ತಪ್ಪಿದ ದಿನ ಮಕ್ಕಳನ್ನು ಸ್ಕೂಲಿಗೂ ಬಿಟ್ಟು ಬರುತ್ತದೆ. ಸೀಟಿನ ಸ್ಪಂಜು ಹೋದ ಜಾಗಕ್ಕೆ ಗೋಣಿಚೀಲ ಬಂದಿದೆ. ಬಾನೆಟ್ಟಿನ ಮೇಲೆ ಕೋಳಿ ಮೊಟ್ಟೆ ಇಡುತ್ತದೆ. ಅವರದ್ದು ಏನೂ ಮಾಡುವುದಿಲ್ಲ. ಭಾವ ಅದನ್ನು ಯಾವುದೋ ಮುಳ್ಳುಕಂಟಿಯೊಳಗಿಂದ ಎಳೆಸಿ ತಂದು, ಮೈಗೆ ಕೆಂಪು, ಚಕ್ರಕ್ಕೆ ಹಳದಿ ಬಳಿಸಿ, ಮುಂದೊಂದು ಲೋಡರು, ಹಿಂದೊಂದು ಹುಲ್ಲುಬಾಚಣಿಗೆ ಸಿಕ್ಕಿಸಿ ಅಂಗಳದಲ್ಲಿ ನಿಲ್ಲಿಸಿದ್ದಾರೆ. ಜನ ಬಂದು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಸ್ವಲ್ಪ ದಪ್ಪಗಿರುವವರು ಬಂದರೆ ಭಾವ ಅವರನ್ನು ಲೋಡರಿನ ಬಕೆಟ್ಟಿನಲ್ಲಿ ಕೂರಿಸಿ ಮೇಲಕ್ಕೆತ್ತಿ, ಯಂತ್ರದ ಶಕ್ತಿ ತೋರಿಸುತ್ತಾರೆ.

ಅಷ್ಟಕ್ಕೇ ನಿಂತಿದ್ದರೆ ನಮ್ಮ ಮನೆಯವರು ಹೇಗೋ ಸಹಿಸಿಕೊಳ್ಳುತ್ತಿದ್ದರು. ಟ್ರಾಕ್ಟರಿಗೆ ಬಣ್ಣ ಹೊಡೆಸಿದ ಹುರುಪಿನಲ್ಲಿ ಭಾವ ತಮ್ಮ ಬಾಯಿಗೂ ಒಂದು ಸೆಟ್ಟು ಹೊಸ ಹಲ್ಲು ಕಟ್ಟಿಸಿಕೊಂಡರು. ಅಂದಿನಿಂದ ಯಾರಾದರೂ ತೀರಿಹೋದ ಸುದ್ದಿ ಹೇಳಿದರೂ ನಗುತ್ತಲೇ ಕೇಳುತ್ತಾರೆ. “ನಿಮ್ಮ ಭಾವ ನಕ್ಕರೆ ಮನೆಗೆ ಲೈಟು ಬೇಡ ಕಣೇ” ಎಂದು ಅಕ್ಕ ನನ್ನ ಹತ್ತಿರ ಹೇಳಿಕೊಂಡಳು. ಪಾತ್ರೆ ಉಜ್ಜುತ್ತಿದ್ದ ನಾನು ತಳಕ್ಕೆ ತೂತು ಬೀಳುವ ಹಾಗೆ ಉಜ್ಜಿದೆ.

ನಮ್ಮ ಮನೆಯವರಿಗೆ ಮಾತ್ರ ಹೊಟ್ಟೆಕಿಚ್ಚು ಇಲ್ಲ. ಅವರೇ ದಿನಕ್ಕೆ ಹತ್ತು ಸಲ ಹಾಗೆ ಹೇಳುತ್ತಾರೆ.

“ಆ ಷಡ್ಡಕನ ಟ್ರಾಕ್ಟರ್ ನೋಡಿ ನಂಗ್ಯಾಕೆ ಹೊಟ್ಟೆಕಿಚ್ಚು? ಬಣ್ಣ ಹೊಡೆದ್ರೆ ಕತ್ತೆ ಕುದುರೆ ಆಗುತ್ತಾ?”

ಹೀಗೆಂದವರು ಮಾರನೆಯ ದಿನವೇ ಕಿಟಕಿಗೆ ಬಳಿದು ಮಿಕ್ಕಿದ್ದ ಹಸಿರು ಬಣ್ಣದ ಡಬ್ಬ ಹುಡುಕಿ ತೆಗೆದರು. ಬಣ್ಣ ಅರ್ಧ ಬಾನೆಟ್ಟಿಗೆ ಮುಗಿಯಿತು. ಒಣಗುವ ಮೊದಲೇ ಕೋಳಿ ತನ್ನ ಮಾಮೂಲಿ ಜಾಗಕ್ಕೆ ಬಂದು ಕೂತಿತು. ಈಗ ನಮ್ಮ ಟ್ರಾಕ್ಟರು ಅರ್ಧ ಹಸಿರು, ಅರ್ಧ ತುಕ್ಕು. ನಮ್ಮ ಕೋಳಿಯೂ ಹಾಗೇ.

ಇನ್ನು ಅಪ್ಪನ ಹುಲ್ಲುಗಾವಲಿನ ವಿಷಯ. ಪ್ರತಿ ವರ್ಷ ಅಪ್ಪ ಅಲ್ಲಿ ಹುಲ್ಲು ಕೊಯ್ಯಿಸಿ ಒಣಗಲು ಬಿಡುತ್ತಾರೆ. ನಮ್ಮ ಮನೆಯವರು ಹೋಗಿ ಬಾಚಿ ಸಾಲು ಹಾಕಿಕೊಡುತ್ತಾರೆ. ಬಾಚಿದ ಕೂಲಿಗೆ ಅರ್ಧ ಹುಲ್ಲು ನಮಗೆ. ಹೊಸ ಹುಲ್ಲು ಬರುವವರೆಗೆ ನಮ್ಮ ನಾಲ್ಕು ಹಸು ಬದುಕುವುದು ಅದರಲ್ಲೇ. ಅದಿಲ್ಲದಿದ್ದರೆ ಎರಡನ್ನಾದರೂ ಬೇರೆಯವರ ಕೊಟ್ಟಿಗೆಗೆ ಅಟ್ಟಬೇಕು. ಎರಡು ಹಸುವಿನ ಹಾಲಿನಲ್ಲಿ ನಮ್ಮ ಮನೆ ನಡೆಯುವುದಿಲ್ಲ.

ಈ ಸಲ ಅಪ್ಪನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಭಾವ ಹಲ್ಲೆಲ್ಲ ಬಿಟ್ಟು ಹೇಳಿದರು.

“ಮಾವ, ಈ ವರ್ಷ ಹುಲ್ಲು ನಾನೇ ಬಾಚಿಕೊಡ್ತೀನಿ. ವಿಂಟೇಜ್ ಟ್ರಾಕ್ಟರಲ್ಲಿ ಬಾಚಿದ್ರೆ ಗಾವಲಿಗೇ ಒಂದು ಕಳೆ.”

ನಮ್ಮ ಮನೆಯವರು ಎತ್ತಿದ ತುತ್ತನ್ನು ತಟ್ಟೆಗೇ ಹಾಕಿದರು. “ನಿಮಗೆ ಹುಲ್ಲು ಯಾಕೆ ಭಾವ? ನಿಮ್ಮ ಮನೇಲಿ ಒಂದು ಕರುವೂ ಇಲ್ಲ!”

“ಫೋಟೋಗೆ ಬಂದವರು ಕೂತ್ಕೊಳ್ಳೋಕೆ ಹುಲ್ಲಿನ ಕಟ್ಟು ಬೇಕಪ್ಪಾ. ಕುರ್ಚಿ ಮೇಲೆ ಕೂತ್ರೆ ಫೋಟೋ ಚೆನ್ನಾಗಿ ಬರಲ್ಲ.”

“ಹುಲ್ಲು ಇರೋದು ತಿನ್ನೋಕಾ, ಕೂರೋಕಾ?”

“ತಿನ್ನೋರು ತಿಂತಾರೆ, ಕೂರೋರು ಕೂರ್ತಾರೆ” ಎಂದು ಅಕ್ಕ ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಅಪ್ಪನಿಗೆ ಇಬ್ಬರು ಅಳಿಯಂದಿರೂ ಎರಡು ಕಣ್ಣು. ಎರಡೂ ಒಂದೊಂದು ದಿಕ್ಕಿಗೆ ನೋಡುವ ಕಣ್ಣು ಎನ್ನುವುದು ಬೇರೆ ಮಾತು. ಅವರು ಕೈ ತೊಳೆದುಕೊಂಡು ಬಂದು ತೀರ್ಪು ಕೊಟ್ಟರು.

“ನೋಡಿ ಅಳಿಯಂದ್ರೇ, ನನಗೆ ಇಬ್ರೂ ಒಂದೇ. ಹುಲ್ಲು ಒಣಗಿ ಗರಿಗರಿ ಆಗಿದೆ. ನಾಳೆ ಯಾರು ಮೊದಲು ಬಂದು ಬಾಚಿ ಸಾಲು ಹಾಕ್ತಾರೋ, ಅರ್ಧ ಹುಲ್ಲು ಅವರದ್ದು. ಆಮೇಲೆ ನನ್ನ ತಲೆ ತಿನ್ನಬೇಡಿ.”

ಮನೆಗೆ ಬಂದು ನಮ್ಮ ಹುಲ್ಲುಬಾಚಣಿಗೆಯನ್ನು ಸೌದೆ ರಾಶಿಯ ಹಿಂದಿನಿಂದ ಎಳೆದೆವು. ತಲೆ ಬಾಚುವ ಬಾಚಣಿಗೆಗೆ ಹಲ್ಲಿರುವ ಹಾಗೆ ಹುಲ್ಲು ಬಾಚುವುದಕ್ಕೂ ಹಲ್ಲಿರುತ್ತವೆ, ಕಬ್ಬಿಣದವು, ಬಾಗಿದವು, ಮೊಳಕ್ಕಿಂತ ಉದ್ದದವು. ನಮ್ಮದರಲ್ಲಿ ಅರ್ಧಕ್ಕರ್ಧ ಉದುರಿಹೋಗಿದ್ದವು. ಉಳಿದವು ನೂರು ವರ್ಷದ ಅಜ್ಜನ ಬಾಯಿಯಲ್ಲಿ ಇರುವ ಹಾಗೆ ಅಲ್ಲೊಂದು ಇಲ್ಲೊಂದು.

“ಇದರಲ್ಲಿ ಬಾಚಿದ್ರೆ ಹುಲ್ಲಿಗೆ ಬೈತಲೆ ತೆಗೆದ ಹಾಗಾಗುತ್ತೆ, ಅಷ್ಟೇ” ಎಂದೆ.

ಮನೆಯವರು ಹಿತ್ತಲಿಗೆ ಹೋಗಿ ಮೆಕ್ಯಾನಿಕ್ಕಿಗೆ ಫೋನು ಮಾಡಿದರು. ಆ ಮೆಕ್ಯಾನಿಕ್ಕು ಜೀವಮಾನವೆಲ್ಲ ಇಂಜಿನ್ನುಗಳ ನಡುವೆ ಕಳೆದು ಕಿವಿ ಮಂದವಾದ ಮನುಷ್ಯ. ಅವನಿಗೆ ಕೇಳಿಸುವ ಹಾಗೆ ಮಾತಾಡಿದರೆ ಇಡೀ ಬೀದಿಗೆ ಕೇಳಿಸುತ್ತದೆ. ಆ ಹಲ್ಲು ಈಗ ಯಾರೂ ತಯಾರಿಸುವುದಿಲ್ಲ, ಅದೇ ಅಳತೆಯದು ಇರುವುದು ನಿಮ್ಮ ಷಡ್ಡಕರ ಮನೆಯಲ್ಲಿ ಮಾತ್ರ ಎಂದನಂತೆ ಅವನು. ಮಾತು ನಿಜ. ಭಾವನ ಹತ್ತಿರ ಹುಲ್ಲುಬಾಚಣಿಗೆ ಎರಡಿದ್ದವು. ಒಂದು ಟ್ರಾಕ್ಟರಿನ ಹಿಂದೆ. ಇನ್ನೊಂದನ್ನು ಗೋಡೆಗೆ ಒರಗಿಸಿ ಅಕ್ಕ ಹೂವಿನ ಬಳ್ಳಿ ಹಬ್ಬಿಸಿದ್ದಳು.

ಆಗ ನಮ್ಮ ಮನೆಯವರು ಫೋನಿನಲ್ಲಿ ಕೂಗಿದ್ದು ಇಷ್ಟು:

“ಸರಿ ಹಾಗಾದ್ರೆ! ನಾಳೆ ಬೆಳಗ್ಗೆ ಹೋಗಿ ಷಡ್ಡಕನ ಹಲ್ಲು ಕಿತ್ಕೊಂಡು ಬರ್ತೀನಿ! ಆಂ? ಸುತ್ತಿಗೆ! ಸುತ್ತಿಗೆ ಇದೆ! ಎರಡು ಏಟು ಕೊಟ್ರೆ ಸಡಿಲ ಆಗಲ್ವಾ? ಆಗದಿದ್ರೆ ಕಟ್ ಮಾಡ್ತೀನಿ!”

ಬೇಲಿಯ ಆಚೆ ಡಂಗುರದಮ್ಮ ಬಟ್ಟೆ ಒಣಹಾಕುತ್ತಿದ್ದರು. ಅವರ ನಿಜವಾದ ಹೆಸರು ಏನೋ ಇದೆ, ಅವರಿಗೂ ಮರೆತಿರಬಹುದು. ಅವರ ಕಿವಿಗೆ ಬಿದ್ದದ್ದು ಡಂಗುರ ಸಾರಿದ ಹಾಗೇ. ಆ ಪುಣ್ಯಾತ್ಗಿತ್ತಿ ಸುಳ್ಳು ಹೇಳುವವರಲ್ಲ. ಕೇಳಿದ್ದನ್ನು ಕೇಳಿದ ಹಾಗೇ ಹೇಳಿ, ಕೇಳದೆ ಇದ್ದದ್ದನ್ನು ನಂಬಿಕೆಯ ಮೇಲೆ ಸೇರಿಸುತ್ತಾರೆ. ಕಟಿಂಗ್ ಶಾಪಿಗೆ ಹೋಗುವಷ್ಟರಲ್ಲಿ ಸುತ್ತಿಗೆಯ ಜೊತೆಗೆ ಮಚ್ಚು ಸೇರಿತ್ತು. ಹಾಲಿನ ಡೈರಿಗೆ ಬರುವಷ್ಟರಲ್ಲಿ ಮೆಕ್ಯಾನಿಕ್ಕು ಬಾಡಿಗೆ ರೌಡಿಯಾಗಿದ್ದ.

ಬೆಳಗ್ಗೆ ಮನೆಯವರು ಸ್ಪ್ಯಾನರು, ಸುತ್ತಿಗೆ, ಎಣ್ಣೆ ಡಬ್ಬ ಗೋಣಿಚೀಲದ ಮೇಲಿಟ್ಟುಕೊಂಡು ಟ್ರಾಕ್ಟರಿನಲ್ಲಿ ಹೊರಟರು. ಸುದ್ದಿ ಫೋನಿನಲ್ಲಿ ಹೊರಟಿತು. ಯಾವುದು ಮೊದಲು ತಲುಪಿತೆಂದು ಹೇಳಬೇಕಾಗಿಲ್ಲ.

ನಾನು ಹಾಲು ಕರೆದು ಏಳುತ್ತಿದ್ದೆ. ಡಂಗುರದಮ್ಮ ಬೇಲಿಯ ಮೇಲಿಂದ ಅರ್ಧ ಈಚೆಗೆ ಬಂದಿದ್ದರು.

“ಅಯ್ಯೋ, ನೀನಿಲ್ಲಿ ಹಾಲು ಕರೀತಾ ಕೂತಿದೀಯಲ್ಲೇ! ನಿನ್ನ ಗಂಡ ನಿಮ್ಮ ಭಾವನ ಹಲ್ಲು ಉದುರಿಸೋಕೆ ಹೋದ್ರು! ನಿಮ್ಮ ಅಕ್ಕಂಗೆ ನಾನೇ ಫೋನ್ ಮಾಡಿ ಬಾಗಿಲು ಹಾಕ್ಕೊಳಮ್ಮಾ ಅಂದೆ!”

ನಗು ಬಂತು. ಹಾಗೆಯೇ ಸ್ವಲ್ಪ ಅನುಮಾನವೂ ಬಂತು. ಹಿಂದಿನ ದಿನದಿಂದ ಮನೆಯವರು ಹಲ್ಲು ಕಡಿಯುತ್ತಲೇ ಇದ್ದರು. ಹಾಲಿನ ಚೊಂಬು ಕೈಯಲ್ಲಿ ಹಿಡಿದುಕೊಂಡೇ ಹೊಲದ ಅಡ್ಡದಾರಿಯಲ್ಲಿ ಓಡಿದೆ.

ನಾನು ಹೋಗುವ ಹೊತ್ತಿಗೆ ಭಾವನ ಮನೆಯ ಮುಂದೆ ಜನ ಸೇರಿದ್ದರು. ಅಷ್ಟು ಜನ ವಿಂಟೇಜ್ ಟ್ರಾಕ್ಟರು ನೋಡುವುದಕ್ಕೂ ಬಂದಿರಲಿಲ್ಲ. ಬಾಗಿಲು ಹಾಕಿತ್ತು. ಕಿಟಕಿಯೊಳಗೆ ಭಾವ, ಬಾಯಿಗೆ ಟವಲು ಒತ್ತಿಕೊಂಡಿದ್ದರು. ಹೊರಗೆ ನಮ್ಮ ಮನೆಯವರು, ಕೈಯಲ್ಲಿ ಸುತ್ತಿಗೆ, ಮುಖದಲ್ಲಿ ವಿನಯ.

“ಭಾವ, ಒಂದು ಉಪಕಾರ ಆಗಬೇಕಿತ್ತು. ಹಲ್ಲು ಬೇಕಾಗಿತ್ತು.”

“ನಾನು ನಿಂಗೇನು ಮಾಡಿದೆ ಮಾರಾಯಾ?”

“ಏನೂ ಮಾಡಿಲ್ಲ. ನಿಮಗೆ ಅದರಿಂದ ಉಪಯೋಗ ಇಲ್ವಲ್ಲ, ಅದಕ್ಕೆ ಕೇಳಿದೆ. ಬರೀ ಅಂದಕ್ಕೆ ತಾನೇ ಇಟ್ಕೊಂಡಿರೋದು?”

“ಅಂದಕ್ಕಾ? ನಾನು ಊಟ ಮಾಡೋದು ಹೇಗೋ?”

ಮನೆಯವರಿಗೆ ಇದು ಅರ್ಥವಾಗಲಿಲ್ಲ. ಆದರೆ ಅವರು ಅರ್ಥವಾಗದ ಮಾತಿಗೆ ನಿಲ್ಲುವವರಲ್ಲ. “ಎಲ್ಲಾ ಬೇಡ ಭಾವ. ಎಂಟ್ಹತ್ತು ಸಾಕು. ನೀವು ಕಷ್ಟಪಡಬೇಡಿ, ನಾನೇ ಬಿಚ್ಕೋತೀನಿ. ಸ್ವಲ್ಪ ಎಣ್ಣೆ ಬಿಟ್ಟು ಸುತ್ತಿಗೇಲಿ ಎರಡೇಟು. ನಿಮಗೆ ಗೊತ್ತೇ ಆಗಲ್ಲ.”

“ಗೊತ್ತಾಗಲ್ವಾ!” ಕಿಟಕಿಯೊಳಗಿಂದ ಅಕ್ಕನ ಚೀರಾಟ.

“ಕೆಲಸ ಮುಗಿದ ಮೇಲೆ ತಂದು ಇದ್ದ ಹಾಗೇ ಕೂರಿಸಿಕೊಡ್ತೀನಿ ಅತ್ತಿಗೆ. ಅಷ್ಟೊಂದು ತುಕ್ಕು ಹಿಡಿದಿದ್ಯಲ್ಲ, ಉಜ್ಜಿಯೂ ಕೊಡ್ತೀನಿ.”

“ತುಕ್ಕಾ? ಹೋದ ತಿಂಗಳು ಕಟ್ಟಿಸಿದ್ದೋ!” ಭಾವನ ಧ್ವನಿ ಕೀರಲಾಯಿತು.

ನಾನು ಬಾಯಿ ಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬಿಡಲಿಲ್ಲ. ಓಡಿ ಬಂದ ಏದುಸಿರು ಎಂದು ಬೇಕಾದರೆ ಇಟ್ಟುಕೊಳ್ಳಿ. ಕಿಟಕಿಯಲ್ಲಿ ಅಕ್ಕನ ಮುಖ, ಲೈಟು ಬೇಡದ ಮನೆಯಲ್ಲಿ ಕರೆಂಟು ಹೋದ ಹಾಗಿತ್ತು. ಇನ್ನೊಂದು ನಿಮಿಷ ನೋಡೋಣ ಎನ್ನಿಸಿತು.

ಅಷ್ಟರಲ್ಲಿ ಪೊಲೀಸ್ ಪೇದೆ ಬಂದರು. ಅಕ್ಕ ಕರೆಸಿದ್ದಳು.

“ಏನಯ್ಯಾ, ಹಲ್ಲೆ ಮಾಡೋಕೆ ಬಂದಿದೀಯಂತೆ?”

“ಹಲ್ಲೆಲ್ಲ ಬೇಡ ಸಾರ್, ಎಂಟ್ಹತ್ತು ಸಾಕು.”

“ಎಂಟ್ಹತ್ತು ಹಲ್ಲೆ ಮಾಡ್ತೀಯಾ? ನನ್ನೆದುರಿಗೇ ಹೇಳ್ತೀಯಾ?”

“ಹಲ್ಲೆ ಅಲ್ಲ ಸಾರ್, ಹಲ್ಲು. ಹುಲ್ಲಿಗೆ.”

“ಹುಲ್ಲಿಗೆ ಹಲ್ಲಾ?”

“ಮತ್ತೆ? ಹಲ್ಲಿಲ್ದೆ ಹುಲ್ಲಿಗೆ ಹೋದ್ರೆ ಏನು ಸಿಗುತ್ತೆ ಸಾರ್? ನಾಲ್ಕು ಹಸು ಇವೆ ನಮ್ಮನೇಲಿ.”

ಪೇದೆ ತಮ್ಮ ಟೋಪಿ ತೆಗೆದು ತಲೆ ಒರೆಸಿಕೊಂಡರು. ಇದುವರೆಗೆ ಗೊತ್ತಾದದ್ದನ್ನು ಒಂದರ ಪಕ್ಕ ಒಂದಿಟ್ಟರು. “ಹುಲ್ಲು ತಿನ್ನೋದು ಹಸು. ಹಲ್ಲು ಇರೋದು ಇವರಿಗೆ. ಕೀಳೋದು ನೀನು. ಹಸುಗೆ ಹಲ್ಲು ಕಟ್ಟಿಸ್ತೀಯೇನಯ್ಯಾ? ಸುತ್ತಿಗೆ ಕೆಳಗಿಡು!”

“ಇಡಲ್ಲ ಸಾರ್” ಎಂದರು ನಮ್ಮ ಮನೆಯವರು. ಪೊಲೀಸಿನವರ ಬೆನ್ನು ಕಂಡರೂ ಪಕ್ಕದ ಬೀದಿಗೆ ತಿರುಗುವ ಮನುಷ್ಯ, ಅಂದು ಕಂಬದ ಹಾಗೆ ನಿಂತಿದ್ದರು. “ಸ್ಟೇಷನ್ನಿಗೆ ಆಮೇಲೆ ಬರ್ತೀನಿ. ಇವತ್ತು ಹಲ್ಲು ಸಿಗಲಿಲ್ಲ ಅಂದ್ರೆ ನನ್ನ ಹಸು ಉಪವಾಸ.”

ಸರಿಯಾಗಿ ಆಗ ಮನೆಯ ಪಕ್ಕದಿಂದ ಇಂಜಿನ್ ಸದ್ದು ಕೇಳಿತು. ಭಾವ ಹಿಂದಿನ ಬಾಗಿಲಿನಿಂದ ನುಸುಳಿ, ವಿಂಟೇಜ್ ಟ್ರಾಕ್ಟರು ಹತ್ತಿ, ಲೋಡರು ಮೇಲೆತ್ತಿದಂತೆಯೇ, ಬಾಚಣಿಗೆ ಸಿಕ್ಕಿಸಿದಂತೆಯೇ ರಸ್ತೆಗಿಳಿದಿದ್ದರು. ಕಷ್ಟ ಬಂದರೆ ಅಳಿಯನಿಗೆ ಮಾವನಲ್ಲದೆ ಇನ್ಯಾರು ದಿಕ್ಕು? ಅಪ್ಪನ ಹುಲ್ಲುಗಾವಲಿನ ಕಡೆಗೇ ತಿರುಗಿಸಿದರು.

ನಮ್ಮ ಮನೆಯವರಿಗೆ ಆಗ ಜ್ಞಾನೋದಯವಾಯಿತು. ಯಾವಾಗಲೂ ಆಗುವ ಹಾಗೆ ತಪ್ಪು ಜ್ಞಾನೋದಯ.

“ನೋಡಿದ್ಯೇನೇ! ನನ್ನ ಇಲ್ಲಿ ಮಾತಲ್ಲಿ ನಿಲ್ಲಿಸಿ, ಅವನು ಹುಲ್ಲು ಬಾಚೋಕೆ ಹೊರಟ! ಮೋಸ!”

ಹತ್ತಿದರು, ಬೆನ್ನಟ್ಟಿದರು.

ಅಂಥ ಬೆನ್ನಟ್ಟುವಿಕೆಯನ್ನು ನಾನು ಮುಂಚೆಯೂ ನೋಡಿಲ್ಲ, ಮುಂದೆ ನೋಡುವ ಆಸೆಯೂ ಇಲ್ಲ. ಎರಡೂ ಟ್ರಾಕ್ಟರುಗಳು ಪೂರ್ತಿ ವೇಗದಲ್ಲಿದ್ದವು. ನಾವು ನಡೆಯುತ್ತಾ ಪಕ್ಕದಲ್ಲೇ ಇದ್ದೆವು. ಪೇದೆ ಬಿರುಸಾಗಿ ಹೆಜ್ಜೆ ಹಾಕಿ ಇಬ್ಬರನ್ನೂ ಹಿಂದೆ ಹಾಕಿದ್ದರಿಂದ ತಿರುವಿನಲ್ಲಿ ನಿಂತು ಕಾಯಬೇಕಾಯಿತು. ಡಂಗುರದಮ್ಮ ದಾರಿಯುದ್ದಕ್ಕೂ ಮನೆಮನೆಯ ಬಾಗಿಲು ಬಡಿದು, ವಿಷಯ ತಿಳಿಸಿ, ನೀರು ಕುಡಿದು, ಮತ್ತೆ ಬಂದು ಸೇರಿಕೊಳ್ಳುತ್ತಿದ್ದರು.

“ನಿಲ್ಲಿಸಿ ಭಾವ! ಹಲ್ಲು ಕೊಟ್ಟು ಹೋಗಿ!”

“ಕೊಡಲ್ಲ! ಪ್ರಾಣ ಹೋದ್ರೂ ಕೊಡಲ್ಲ!”

ಗಾವಲಿನ ಗೇಟಿನಲ್ಲಿ ಅಪ್ಪ ಡಬ್ಬ ಬೋರಲು ಹಾಕಿಕೊಂಡು ಕೂತಿದ್ದರು. ಹಿರಿಯಳಿಯ ಬುರ್ರೆಂದು ಒಳಗೆ ಹೋದರು. ಹಿಂದೆಯೇ ಕಿರಿಯಳಿಯ.

“ಅಳಿಯಂದ್ರೇ, ನಿಮ್ಮ ಬಾಚಣಿಗೆ ಎಲ್ಲಿ?”

“ತರ್ತೀನಿ ಮಾವ! ಮೊದಲು ಬಂದೆ ಅಂತ ಬರ್ಕೊಳ್ಳಿ!”

ಭಾವ ಹಿಂದೆ ತಿರುಗಿ ನೋಡುವ ಗಾಬರಿಯಲ್ಲಿ ಯಾವ ಹಿಡಿಗೆ ಕೈ ತಗುಲಿತೋ, ಎತ್ತಿಟ್ಟಿದ್ದ ಬಾಚಣಿಗೆ ದೊಪ್ಪನೆ ನೆಲಕ್ಕಿಳಿಯಿತು. ನಿಲ್ಲಿಸಿ ಎತ್ತುವ ಧೈರ್ಯ ಯಾರಿಗಿದೆ? ಬೇಲಿಯ ಉದ್ದಕ್ಕೂ ಒಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು. ಭಾವ ಓಡುತ್ತಿದ್ದರು, ಹುಲ್ಲು ಸಾಲಾಗುತ್ತಿತ್ತು. ಹಿಂದಿನಿಂದ ನಮ್ಮ ಮನೆಯವರು ಸುತ್ತಿಗೆ ಬೀಸುತ್ತಾ ವೇಗ ಕಡಿಮೆಯಾಗದ ಹಾಗೆ ನೋಡಿಕೊಳ್ಳುತ್ತಿದ್ದರು.

“ಎಷ್ಟು ಶ್ರದ್ಧೆ ನೋಡ್ರಿ” ಎಂದರು ಅಪ್ಪ, ಪೇದೆಗೆ ಇನ್ನೊಂದು ಡಬ್ಬ ಸರಿಸುತ್ತಾ. “ಹಿಂತಿರುಗಿ ನೋಡ್ತಾನೇ ಬಾಚ್ತಿದಾನೆ. ಒಂದು ಕಡ್ಡಿ ಬಿಟ್ಟಿಲ್ಲ.”

ಗಾವಲಿನ ನಟ್ಟನಡುವೆ ವಿಂಟೇಜ್ ಟ್ರಾಕ್ಟರು ಎರಡು ಸಲ ಕೆಮ್ಮಿ ನಿಂತಿತು. ಫೋಟೋಗೆ ಬೇಕಾದಷ್ಟೇ ಡೀಸೆಲ್ ಹಾಕಿಟ್ಟಿದ್ದರು. ನಮ್ಮ ಮನೆಯವರು ಸುತ್ತಿಗೆ ಹಿಡಿದು ಇಳಿದು ಬಂದರು. ಡಂಗುರದಮ್ಮ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಿಂದ ನೋಡಿದರು.

ಭಾವ ಬಾಯಿಗೆ ಕೈ ಹಾಕಿದರು. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು, ಎರಡನ್ನೂ ಕಳಚಿ ಅಂಗೈಯಲ್ಲಿಟ್ಟು ಮುಂದೆ ಚಾಚಿದರು.

“ಥಗೋಳಪ್ಪಾ. ಎಲ್ಲಾ ಥಗೋ. ಹೆಂಡ್ಥೀ ಇರೋನು, ಜೀವ ಒಂದು ಬಿಡು.”

ನಮ್ಮ ಮನೆಯವರು ಬಗ್ಗಿ ಅಂಗೈಯಲ್ಲಿದ್ದುದನ್ನು ಅತ್ತಿಂದ ನೋಡಿದರು, ಇತ್ತಿಂದ ನೋಡಿದರು.

“ಇದು ಆಗಲ್ಲ ಭಾವ. ಸಣ್ಣದಾಯ್ತು. ಹುಲ್ಲು ಸಿಕ್ಕಲ್ಲ. ನಾನು ಕೇಳಿದ್ದು ನಿಮ್ಮ ಗೋಡೆಗೆ ಒರಗಿಸಿರೋ ಬಾಚಣಿಗೇದು, ಬಳ್ಳಿ ಹಬ್ಬಿಸಿದೀರಲ್ಲ, ಅದರದ್ದು.”

ಮೊದಲು ನಕ್ಕವರು ಪೇದೆ. ಆಮೇಲೆ ನಗದೆ ಉಳಿದದ್ದು ಇಡೀ ಗಾವಲಿನಲ್ಲಿ ಭಾವ ಒಬ್ಬರೇ, ಅವರ ಹತ್ತಿರ ಆಗ ನಗುವ ಸಾಮಾನೂ ಇರಲಿಲ್ಲ. ಅವಸರದಲ್ಲಿ ಹಲ್ಲು ಹಾಕಿಕೊಂಡು ಸೀಟಿನ ಮೇಲೆ ನೆಟ್ಟಗಾದರು.

“ಹೆದರಿ ಓಡಿ ಬಂದ್ರಾ ಸಾರ್?” ಎಂದು ಪೇದೆ ಕೇಳಿದರು.

“ಓಡಿದ್ದಾ? ಯಾರು ಓಡಿದ್ದು?” ಎಂದರು ಭಾವ. “ಪಾಪ, ಷಡ್ಡಕನ ಬಾಚಣಿಗೇಲಿ ಹಲ್ಲಿಲ್ಲ ಅಂತ ನನಗೆ ಗೊತ್ತಿಲ್ವಾ? ಅವನ ಹಸುಗಳಿಗೆ ಅಂತ ನಾನೇ ಬಂದು ಬಾಚಿ ಕೊಟ್ಟೆ. ಮೊದಲೇ ಹೇಳಿದ್ರೆ ಬೇಡ ಅಂತಾನೆ, ಸ್ವಾಭಿಮಾನಿ.”

ಅಪ್ಪ ಡಬ್ಬದಿಂದ ಎದ್ದರು. “ಎಲ್ಲಾರೂ ಕೇಳಿಸ್ಕೊಂಡ್ರಲ್ಲ? ಬಾಚಿದ್ದು ಹಿರಿಯಳಿಯ, ಅವನ ಪಾಲಿನ ಅರ್ಧ ಹುಲ್ಲು ಅವನ ಬಾಯಿಂದಲೇ ಕಿರಿಯಳಿಯಂಗೆ ಹೋಯ್ತು.”

“ನಾನು ಸಾಕ್ಷಿ” ಎಂದರು ಪೇದೆ.

ಭಾವ ನುಂಗಿದ ಉಗುಳು ನನಗೆ ಕೇಳಿಸಿತು. ಆದರೆ ಜನ ಚಪ್ಪಾಳೆ ತಟ್ಟಿದಾಗ ಅವರಿಗೆ ಹಲ್ಲು ಬಿಡದೆ ಇರಲಾಗಲಿಲ್ಲ. ಯಾರೋ ಓಡಿ ಹೋಗಿ ಡೀಸೆಲ್ ತಂದರು, ನಮ್ಮ ಮನೆಯವರು ಮನೆಗೆ ಹೋಗಿ ಟ್ರೈಲರು ಸಿಕ್ಕಿಸಿಕೊಂಡು ಬಂದರು. ಭಾವನೇ ಲೋಡರಿನಲ್ಲಿ ನಮ್ಮ ಟ್ರೈಲರಿಗೆ ಹುಲ್ಲು ತುಂಬಿಸಿಕೊಟ್ಟರು. ಪ್ರತಿ ಬಕೆಟ್ಟಿಗೂ ಡಂಗುರದಮ್ಮ “ಎಂಥಾ ದೊಡ್ಡ ಮನಸ್ಸು! ಎಂಥಾ ದೊಡ್ಡ ಮನಸ್ಸು!” ಎನ್ನುತ್ತಿದ್ದರು.

ನಮ್ಮ ಮನೆಯವರು ತುಂಬಿದ ಟ್ರೈಲರಿಗೆ ಒರಗಿ, ಹುಳಿ ತಿಂದವರ ಹಾಗೆ ನಿಂತಿದ್ದರು.

“ಹುಲ್ಲು ಸಿಕ್ತಲ್ಲ, ಇನ್ನೇನು?” ಎಂದೆ.

“ಹುಲ್ಲು ಸಿಕ್ತು. ಹೆಸರು ಅವನಿಗೆ ಹೋಯ್ತಲ್ಲೇ. ಆ ಸಾಲು ನೋಡು, ದಾರ ಹಿಡಿದು ಎಳೆದ ಹಾಗಿದೆ. ಪ್ರಾಣಭಯದಲ್ಲಿ ಓಡ್ತಾ ಇದ್ದೋನು ಇಷ್ಟು ನೇರ ಬಾಚ್ತಾನೆ ಅಂದ್ರೆ! ನಾನು ನೆಮ್ಮದಿಯಾಗಿ ಬಾಚಿದ್ರೂ ಹೀಗೆ ಬಂದಿಲ್ಲ.”

ಅವರನ್ನು ಅವರ ಪಾಡಿಗೆ ಬಿಟ್ಟು ನಾನು ಮೇಲುಹುಲ್ಲಿಗೆ ಹಗ್ಗ ಬಿಗಿಯತೊಡಗಿದೆ. ಅಕ್ಕ ಬಂದು ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡಳು. ಆಮೇಲೆ ನನ್ನ ಮುಖ ನೋಡದೆ, ಸಣ್ಣ ಧ್ವನಿಯಲ್ಲಿ ಹೇಳಿದಳು.

“ನಿನ್ನ ಗಂಡ ಹಸುಗಳಿಗೋಸ್ಕರ ಪೊಲೀಸ್ ಎದುರೂ ಅಲ್ಲಾಡದೆ ನಿಂತ್ರು ಕಣೇ. ನನ್ನ ಗಂಡ ಹಲ್ಲು ಉಳಿಸ್ಕೊಳ್ಳೋಕೆ ನನ್ನ ಒಬ್ಬಳನ್ನೇ ಮನೇಲಿ ಬಿಟ್ಟು ಹಿಂದಿನ ಬಾಗಿಲಿಂದ ಓಡಿಹೋದ್ರು. ಕೊನೆಗೆ ಆ ಹಲ್ಲನ್ನೂ ಕೊಟ್ಟುಬಿಟ್ರು. ನಿನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.”

“ಏನಂದೆ ಅಕ್ಕ?” ಎಂದೆ. “ಲೋಡರ್ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು.”

ಲೋಡರು ನಿಂತು ಆಗಲೇ ಬಹಳ ಹೊತ್ತಾಗಿತ್ತು.